ಐವತ್ತೆರಡನೆಯ ಜರ್ಸಿ

ಈ ಸಂಗತಿಯನ್ನು ಮೊದಲು ಹೇಳಿದವನು ಓರ್ವಿಲ್ ಟೊಯ್ಟ್. ನೆಬ್ರಾಸ್ಕದ ಆಶ್ ಕ್ರೀಕ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ, ತೀರ್ಪುಗಾರರ ಮೇಜಿಗೆ ಕೂತು ಮೂವತ್ತೆಂಟು ವರ್ಷ ಅಂಕಪುಸ್ತಕ ಬರೆದವನು. ಹೇಳಿದ್ದು 2017ರ ಜನವರಿಯ ಎರಡನೆಯ ಶನಿವಾರ. ಕಾಲೇಜಿನ ಆಟದ ಸಾಮಗ್ರಿ ನೋಡಿಕೊಳ್ಳುತ್ತಿದ್ದ ವರ್ನಾ ಕುಬಿಚೆಕ್‌ಳ ಮಣ್ಣು ಮುಗಿಸಿ ಬಂದವರು ಚರ್ಚಿನ ನೆಲಮಾಳಿಗೆಯಲ್ಲಿ ಊಟ ಮಾಡಿ, ಕಾಫಿ ಲೋಟ ಹಿಡಿದು, ಹೊರಗಿನ ಚಳಿಗೆ ಹೆದರಿ ಇನ್ನೂ ಕೂತೇ ಇದ್ದ ಮಧ್ಯಾಹ್ನ ಅದು. ಅಡುಗೆಮನೆಗೂ ಕೂರುವ ಕೋಣೆಗೂ ನಡುವಿನ ಕಿಟಕಿ ತೆರೆದಿತ್ತು. ಒಳಗೆ ಪಾತ್ರೆ ತೊಳೆಯುತ್ತಿದ್ದ ರೋಂಡಾ ಪ್ರೊಹಾಸ್ಕಾ, "ಹೇಳೋದಾದ್ರೆ ನಾನಿರುವಾಗ್ಲೇ ಹೇಳಿ, ಓರ್ವಿಲ್. ಬೆನ್ನ ಹಿಂದೆ ಬೇಡ" ಎಂದಳು. ಆಮೇಲೆಯೇ ಅವನು ಬಾಯಿ ತೆರೆದದ್ದು. ತಾನು ಕಣ್ಣಾರೆ ಕಂಡದ್ದು ಯಾವುದು, ವರ್ನಾಳ ಬಾಯಿಂದ ಕೇಳಿದ್ದು ಯಾವುದು ಎಂಬುದನ್ನು ಕಲಸದೆ, ಬೇರೆ ಬೇರೆಯಾಗಿಟ್ಟು ಹೇಳಿದ.

ಮೂರು ವರ್ಷದ ಹಿಂದಿನ ನವೆಂಬರ್, ಒಂದು ಸೋಮವಾರ. ಕಾಲೇಜಿನ ಸಾಮಗ್ರಿ ಕೋಣೆಯಲ್ಲಿ ವರ್ನಾ ಹೊಲಿಗೆ ಯಂತ್ರದ ಮುಂದೆ ಕೂತು ಹರಿದ ಚಡ್ಡಿಯೊಂದರ ಅಂಚು ಹೊಡೆಯುತ್ತಿದ್ದಳು. ಹಳೆಯ ವಿದ್ಯಾರ್ಥಿಗಳ ಸಂಘ ನೋಡಿಕೊಳ್ಳುವ ಕರ್ಟ್ ಮೆಯ್ಲಿಂಗ್ ಬಾಗಿಲು ತಟ್ಟದೆ ಒಳಗೆ ಬಂದ.

"ಐವತ್ತೆರಡನೇ ಜರ್ಸೀನ ಹುಡುಕಿ ಇಸ್ತ್ರಿ ಮಾಡಿಡಿ, ವರ್ನಾ. ಚೌಕಟ್ಟು ಹಾಕೋನು ಶುಕ್ರವಾರ ಬರ್ತಾನೆ."

ಸೂಜಿ ಗೆರೆ ತಪ್ಪಿ ಅಡ್ಡ ಓಡಿತು. ವರ್ನಾ ಕಾಲು ತೆಗೆದಳು. "ನಮ್ಮ ಐವರ ಸಮಿತಿ ಸಭೆ ಗುರುವಾರ ಅಲ್ವಾ? ಇನ್ನೂ ಓಟೇ ಆಗಿಲ್ಲ."

"ಅದೇನು ಆಗೋದು! ನಾನು, ಕ್ರೀಡಾ ನಿರ್ದೇಶಕರು ಇಬ್ರೂ ಹೌದು. ಕೋಚ್ ಡೆನೀಸ್ ಬೇಡ ಅಂತಾಳೆ, ಗಣಿತದ ಮೇಷ್ಟ್ರು ಯಾವತ್ತೂ ಬೇಡಾನೇ. ಐದನೇದು ನಿಮ್ದು." ಕರ್ಟ್ ಕೈಯಲ್ಲಿದ್ದ ದೊಡ್ಡ ಚಿತ್ರವನ್ನು ಮಡಿಸಿದ ಟವೆಲುಗಳ ಗುಡ್ಡೆಗೆ ಒರಗಿಸಿ ನಿಲ್ಲಿಸಿದ. "ನೀವು ಆ ದಿನ ಅಲ್ಲೇ ಇದ್ದೋರು. ಬೇಡ ಅಂತೀರಾ?"

ಅವನು ಹೋದ ಮೇಲೂ ಚಿತ್ರ ಅಲ್ಲೇ ಉಳಿಯಿತು. ಊರಲ್ಲಿ ಆ ಚಿತ್ರ ಇಲ್ಲದ ಅಂಗಡಿಯಿಲ್ಲ. ಡಾನೆಟ್ ರಾಸ್ಮುಸೆನ್ ಗಾಳಿಯಲ್ಲಿದ್ದಾಳೆ, ಚೆಂಡು ಬೆರಳು ಬಿಟ್ಟಿದೆ, ಬಿಳಿ ಜರ್ಸಿಯ ಎದೆಯ ಮೇಲೆ ಹಸಿರು ಐವತ್ತೆರಡು. ಹಿಂದೆ ಮೂವರು ಹುಡುಗಿಯರು, ಉಸಿರು ಬಿಗಿಹಿಡಿದು. ಕೆಳಗೆ ಒಂದೇ ಪದ: ನಾಲ್ವರು.

ಆ ನಾಲ್ವರ ಕಥೆಯನ್ನು ಆಶ್ ಕ್ರೀಕಿನ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಾರೆ. 1994ರ ಮಾರ್ಚ್, ಅಂತಿಮ ಪಂದ್ಯ. ತಂಡದ ಹನ್ನೆರಡು ಹುಡುಗಿಯರಲ್ಲಿ ಐವರು ಜ್ವರದಿಂದ ಹೋಟೆಲಿನಲ್ಲೇ ಮಲಗಿದ್ದರು. ಅಂಗಳಕ್ಕಿಳಿದವರು ಏಳೇ ಜನ. ದ್ವಿತೀಯಾರ್ಧದ ನಡುವೆ ಎದುರಾಳಿಯ ಮೊಣಕೈ ಬಡಿದು ಡಾನೆಟ್‌ಳ ಹುಬ್ಬು ಒಡೆಯಿತು, ಅವಳ ಮೂವತ್ತೊಂದನೆಯ ಜರ್ಸಿ ಎದೆಯವರೆಗೆ ರಕ್ತವಾಯಿತು. ರಕ್ತ ಅಂಟಿದ ಬಟ್ಟೆಯಲ್ಲಿ ಆಡುವಂತಿಲ್ಲ, ಬದಲಾಯಿಸಲೇಬೇಕು. ಆಗ ಬೆಂಚಿನ ತುದಿಯಲ್ಲಿ ಕೂತಿದ್ದ ರೋಂಡಾ ಪ್ರೊಹಾಸ್ಕಾ, ನಾಲ್ಕು ವರ್ಷದಲ್ಲಿ ಒಟ್ಟು ಹನ್ನೊಂದು ನಿಮಿಷ ಆಡಿದ್ದ ಹುಡುಗಿ, ತನ್ನ ಐವತ್ತೆರಡನ್ನು ತಾನಾಗಿಯೇ ಬಿಚ್ಚಿಕೊಟ್ಟು ಮೇಲಂಗಿಯ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡು ಕೂತಳು. ಇನ್ನು ನಲವತ್ತು ಸೆಕೆಂಡು ಇರುವಾಗ ಇಬ್ಬರು ಹುಡುಗಿಯರು ಐದೈದು ಫೌಲ್ ಮಾಡಿ ನಿಯಮದಂತೆ ಹೊರಬಿದ್ದರು. ಜರ್ಸಿಯಿಲ್ಲದ ರೋಂಡಾಳನ್ನು ಬಿಟ್ಟು ಉಳಿದ ನಾಲ್ವರೇ ಐವರ ಎದುರು ನಿಂತು ಆಡಿದರು. ಡಾನೆಟ್ ಎಸೆದಳು, ಒಂದು ಅಂಕದಿಂದ ಗೆದ್ದರು. ಮುಂದಿನ ಎರಡು ವರ್ಷವೂ ಡಾನೆಟ್ ಅದೃಷ್ಟವೆಂದು ಐವತ್ತೆರಡನ್ನೇ ತೊಟ್ಟಳು. ಕಾಲೇಜಿನ ಎಲ್ಲ ದಾಖಲೆಗಳನ್ನೂ ಅದರಲ್ಲೇ ಮುರಿದಳು. ಈಗ ಆ ನಂಬರಿಗೆ ನಿವೃತ್ತಿ ಕೊಟ್ಟು, ಇನ್ನು ಯಾರೂ ತೊಡದಂತೆ ಅಂಗಳದ ಸೂರಿಗೆ ತೂಗುಹಾಕಬೇಕೆಂದು ಕರ್ಟ್ ಹಟ ಹಿಡಿದಿದ್ದ.

ಕಥೆ ಹೀಗಿತ್ತು. ಅದರೊಳಗೆ ಸುಳ್ಳಾಗಿದ್ದದ್ದು ಒಂದೇ ಮಾತು, "ತಾನಾಗಿಯೇ" ಎಂಬುದು. ಅದು ವರ್ನಾಳ ಮಾತು.

ರಕ್ತದ ಹೊತ್ತಿಗೆಂದೇ ಪ್ರತಿ ತಂಡವೂ ಹೆಸರಿಲ್ಲದ ಬದಲಿ ಜರ್ಸಿಯೊಂದನ್ನು ಒಯ್ಯುತ್ತದೆ. ಆಶ್ ಕ್ರೀಕಿನದು ಐವತ್ತೈದನೆಯದು. ಅದು ಸದಾ ವರ್ನಾಳ ಕೆಂಪು ಚೀಲದ ತಳದಲ್ಲಿರಬೇಕು. ಆ ದಿನ ಅವಳು ಚೀಲದ ತಳಕ್ಕೆ ಕೈ ಹಾಕಿದಾಗ ಸಿಕ್ಕಿದ್ದು ಅಂಟುಪಟ್ಟಿಯ ಸುರುಳಿ ಮಾತ್ರ. ಹಿಂದಿನ ಪಂದ್ಯದ ನಂತರ ತೊಳೆದು, ಬಾಯ್ಲರಿನ ಹಿಂದಿನ ಹಗ್ಗಕ್ಕೆ ಹಾಕಿದ್ದು ಆಗ ನೆನಪಾಯಿತು. ತೀರ್ಪುಗಾರ ಸೀಟಿ ಬಾಯಲ್ಲಿಟ್ಟು ಕಾಯುತ್ತಿದ್ದ. ಕೋಚ್ ಹಾರ್ಲನ್ ಸೀವರ್ಸ್ ಇನ್ನೊಬ್ಬ ತೀರ್ಪುಗಾರನ ಮುಖಕ್ಕೆ ಮುಖ ಕೊಟ್ಟು ಕೂಗಾಡುತ್ತಿದ್ದ. ವರ್ನಾ ಬೆಂಚಿನ ತುದಿಗೆ ಓಡಿದಳು. "ರೋಂಡಾ, ನಿನ್ನ ಜರ್ಸಿ ಬಿಚ್ಚು. ಕೋಚ್ ಹೇಳಿದ್ರು." ಕೋಚ್ ಏನನ್ನೂ ಹೇಳಿರಲಿಲ್ಲ. ಇಬ್ಬರು ಹುಡುಗಿಯರು ಟವೆಲು ಮರೆ ಹಿಡಿದರು. ರೋಂಡಾ ಬಿಚ್ಚಿಕೊಟ್ಟಳು.

ರಕ್ತದ ಜರ್ಸಿಯನ್ನು ಎತ್ತಿಕೊಂಡು ವರ್ನಾ ಬಚ್ಚಲಿಗೆ ಓಡಿ, ತಣ್ಣೀರು, ಪೆರಾಕ್ಸೈಡ್ ಸುರಿದು ಉಜ್ಜಿದಳು. ಕಲೆ ಹೋದರೆ ರೋಂಡಾಗೆ ತೊಡಿಸಬಹುದು. ಬಿಳಿನೊರೆ ಬಂತು, ಗುಲಾಬಿ ಬಣ್ಣ ಉಳಿಯಿತು, ಮತ್ತೆ ಉಜ್ಜಿದಳು. ನೀರು ಸೋರುವ ಜರ್ಸಿ ಹಿಡಿದು ಅಂಗಳದ ಬಾಯಿಗೆ ಬಂದಾಗ ಗೆಲುವಿನ ಕೂಗು ಎದ್ದಿತ್ತು.

ಮರಳುವ ಬಸ್ಸಿನಲ್ಲಿ ಕೋಚ್ ಅವಳ ಪಕ್ಕದ ಸೀಟಿಗೆ ಬಂದು ಕೂತ. "ಕೊನೇಲಿ ಪ್ರೊಹಾಸ್ಕಾನ ಕಳಿಸೋಣ ಅಂತ ತಿರುಗಿ ನೋಡಿದ್ರೆ ಮೈಮೇಲೆ ಜರ್ಸೀನೇ ಇಲ್ಲ. ಏನಾಯ್ತು ವರ್ನಾ?" ವರ್ನಾ ಕಿಟಕಿಯ ಕಡೆ ನೋಡುತ್ತ, "ಅವಳೇ ಬಿಚ್ಚಿಕೊಟ್ಟಳು, ಕೋಚ್" ಎಂದಳು. "ದೊಡ್ಡ ಮನಸ್ಸಿನ ಹುಡುಗಿ" ಎಂದ ಕೋಚ್. ಅದನ್ನೇ ಮಾರನೆಯ ದಿನ ಪತ್ರಿಕೆಯವರಿಗೆ ಹೇಳಿದ. ವರ್ನಾ ಸಾಮಗ್ರಿ ಕೋಣೆಗೆ ಬಂದು ನೋಡಿದಾಗ ಐವತ್ತೈದು ಬಾಯ್ಲರಿನ ಹಿಂದೆ ಗರಿಗರಿಯಾಗಿ ಒಣಗಿ ತೂಗುತ್ತಿತ್ತು. ಅದನ್ನು ಮತ್ತೆ ಯಾವ ಚೀಲಕ್ಕೂ ಹಾಕಲಿಲ್ಲ. ಹೊಸದೊಂದು ತರಿಸಿ, ಹಳೆಯದನ್ನು ಕೆಳಗಿನ ಸೆಳೆಖಾನೆಯಲ್ಲಿ ಬೀಗ ಹಾಕಿಟ್ಟಳು.

ಕರ್ಟ್ ಬಂದುಹೋದ ಮರುದಿನ, ಮಂಗಳವಾರ, ವರ್ನಾಳಿಂದ ಯಾವ ಕೆಲಸವೂ ಆಗಲಿಲ್ಲ. ಎಣಿಸಿದ ಕಾಲುಚೀಲಗಳನ್ನೇ ಮತ್ತೆ ಎಣಿಸಿದಳು, ನೆಟ್ಟಗಿದ್ದ ಶೂಗಳನ್ನು ಬೇರೆ ಸಾಲಿಗಿಟ್ಟು ಮತ್ತೆ ತಂದಿಟ್ಟಳು. ಒಗೆಯುವ ಯಂತ್ರಕ್ಕೆ ಬಟ್ಟೆ ತುಂಬಿ ಸೋಪು ಹಾಕುವುದನ್ನು ಮರೆತಳು. ಮಧ್ಯಾಹ್ನ ಈಗಿನ ಕೋಚ್ ಡೆನೀಸ್ ಬೋಯ್ಡ್ ಬಂದು ಮೇಜಿನ ಮೇಲೇರಿ ಕೂತಳು. ಮೂವತ್ತು ದಾಟದ ಹುಡುಗಿ. ಮಾತಾಡುವಾಗ ಕೈಯಲ್ಲೊಂದು ಚೆಂಡು ಬೇಕೇ ಬೇಕು.

"ನೀವು ಓಟಿಗೆ ಕಾರಣ ಹುಡುಕ್ತಾ ತಲೆ ಕೆಡಿಸ್ಕೊಬೇಡಿ ವರ್ನಾ. ಲೆಕ್ಕ ಹೇಳಿ ಸಾಕು. ತೀರ್ಪುಗಾರ ಬೆರಳೆತ್ತಿ ನಂಬರು ತೋರಿಸ್ಬೇಕು, ಒಂದು ಕೈಗೆ ಐದೇ ಬೆರಳು. ಆರು, ಏಳು, ಎಂಟು, ಒಂಬತ್ತು ಬರೋ ಯಾವ ನಂಬರೂ ನಮ್ಮ ಆಟದಲ್ಲಿಲ್ಲ. ಇರೋದೇ ಮೂವತ್ತೇಳು. ಐದು ಆಗ್ಲೇ ಸೂರಲ್ಲಿ ಧೂಳು ತಿಂತಿವೆ. ಹೀಗೇ ತೂಗುಹಾಕ್ತಾ ಹೋದ್ರೆ ನನ್ನ ಹುಡುಗೀರು ಏನು ಬರೀ ಬೆನ್ನಲ್ಲಿ ಆಡ್ಬೇಕಾ?"

"ಡಾನೆಟ್ ಅಂಥ ಆಟಗಾರ್ತಿ ಮತ್ತೆ ಬರಲ್ಲ ಅಂತಾನೆ ಕರ್ಟ್."

"ಬರದೇ ಇರ್ಲಿ. ದೊಡ್ಡ ಫಲಕ ಮಾಡ್ಲಿ, ಊಟ ಹಾಕ್ಲಿ, ಬೀದಿಗೆ ಅವಳ ಹೆಸರಿಡ್ಲಿ. ನಂಬರು ಮಾತ್ರ ಮೈಮೇಲಿರೋ ವಸ್ತು." ಡೆನೀಸ್ ಚೆಂಡನ್ನು ಗೋಡೆಗೆ ಎಸೆದು ಹಿಡಿದಳು. "ಈ ವರ್ಷ ಬಂದಿರೋ ಹುಡುಗಿ, ಆ ಗಿಡ್ಡಿ, ಐವತ್ತೆರಡು ಕೊಡಿ ಅಂತ ಕೇಳಿದ್ಲು. ತಡಿಯಮ್ಮ, ಗುರುವಾರದವರೆಗೆ ತಡಿ ಅಂದೆ. ಬೆಂಚ್ ಬಿಟ್ಟು ಏಳೋಳಲ್ಲ ಅವಳು. ಆದ್ರೂ ಕೇಳಿದ್ಲು ನೋಡಿ."

ಡೆನೀಸ್ ಹೋದಳು. ಮೂವತ್ತೇಳು ನಂಬರುಗಳ ಲೆಕ್ಕ ಹೇಳಿ ಬೇಡವೆಂದರೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ; ನಂಬರೂ ತೂಗುವುದಿಲ್ಲ, ಹಳೆಯ ಮಾತೂ ಏಳುವುದಿಲ್ಲ. ಇಷ್ಟು ಸುಲಭದ ದಾರಿ ತನ್ನ ಕಾಲಬಳಿಗೇ ಬಂದು ಬಿದ್ದದ್ದು ಕಂಡು ವರ್ನಾಗೆ ನೆಮ್ಮದಿಯಾಗಬೇಕಿತ್ತು. ಬದಲಿಗೆ ಅವಳು ಎದ್ದು ಬಾಗಿಲವರೆಗೆ ಹೋಗಿ, ಬಂದು, ಮತ್ತೆ ಹೋಗಿ ಬಂದಳು. ಕೊನೆಗೆ ಸೆಳೆಖಾನೆಯ ಬೀಗದ ಕೈ ಹುಡುಕಿದಳು.

ಬುಧವಾರ ಸಂಜೆ ಪಂದ್ಯವಿತ್ತು. ಅಂಗಳದ ಹೊರಗಿನ ಪಡಸಾಲೆಯಲ್ಲಿ ತಿಂಡಿಯ ಮಳಿಗೆ ನಡೆಸುವವಳು ರೋಂಡಾ. ಹದಿನಾಲ್ಕು ವರ್ಷದಿಂದ ಅವಳೇ. ಹಗಲು ಶಾಲೆಯ ಬಸ್ಸು ಓಡಿಸುತ್ತಾಳೆ, ಪಂದ್ಯದ ಸಂಜೆ ಇಲ್ಲಿ ಪಾಪ್‌ಕಾರ್ನ್ ಹುರಿಯುತ್ತಾಳೆ. ಅವಳು ನಿಲ್ಲುವ ಜಾಗದಿಂದ ಅಂಗಳ ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತದೆ. ಕೂಗು ಕೇಳಿಯೇ ಯಾರು ಎಸೆದರು, ಬಿತ್ತೋ ಇಲ್ಲವೋ ಹೇಳುತ್ತಾಳೆ.

"ಬನ್ನಿ ವರ್ನಾ. ಕಾಫಿ ತಾನೇ?" ರೋಂಡಾ ಕೇಳದೆಯೇ ಲೋಟ ತುಂಬಿದಳು. ವರ್ನಾಳಿಂದ ಅವಳು ಎಂದೂ ಕಾಸು ತೆಗೆದುಕೊಂಡವಳಲ್ಲ. "ನಾಳೆ ನನ್ನ ನಂಬರಿಗೆ ನಿವೃತ್ತಿಯಂತಲ್ಲ? ನಂಗಿಂತ ಮುಂಚೆ ಅದಕ್ಕೇ ಸಿಕ್ತು ನೋಡಿ ಪಿಂಚಣಿ."

ವರ್ನಾ ನಗಲಿಲ್ಲ. ಕಾಗದದ ಚೀಲದಿಂದ ಬಿಳಿ ಬಟ್ಟೆಯೊಂದನ್ನು ತೆಗೆದು, ಸಾಸಿವೆ ಬಾಟಲಿಗಳನ್ನು ಬದಿಗೆ ಸರಿಸಿ, ಕಟ್ಟೆಯ ಮೇಲೆ ಹರಡಿದಳು. ಐವತ್ತೈದು. ಬೆನ್ನಿನ ಮೇಲೆ ಹೆಸರಿಲ್ಲ.

"ಇದು ಬದಲಿ ಜರ್ಸಿ," ಎಂದಳು ರೋಂಡಾ. "ಹಳೇ ಸೆಟ್ಟಿಂದು."

"ಆ ದಿನ ಇದು ಚೀಲದಲ್ಲಿರ್ಲಿಲ್ಲ ಕಣೇ. ಬಾಯ್ಲರ್ ಹಿಂದೆ ಮರೆತು ಬಂದಿದ್ದೆ. ನಿನ್ನದು ಬಿಚ್ಚು ಅಂತ ಕೋಚ್ ಹೇಳಿರ್ಲಿಲ್ಲ. ನಾನೇ ಹೇಳಿದ್ದು. ಅವರ ಹೆಸರು ಹಾಕಿದೆ."

ಒಳಗಿಂದ ದೊಡ್ಡ ಕೂಗು ಬಂತು. ಈ ಸಲ ರೋಂಡಾ ಚೆಂಡು ಬಿತ್ತೋ ಇಲ್ಲವೋ ಹೇಳಲಿಲ್ಲ. ಇಬ್ಬರು ಗಂಡಸರು ಬಂದು ಎರಡು ರನ್ಜ಼ಾ ಕೇಳಿದರು. ಅವಳು ಬಿಸಿ ಡಬ್ಬಿಯಿಂದ ಮಾಂಸ, ಕೋಸು ತುಂಬಿದ ಆ ರೊಟ್ಟಿಗಳನ್ನು ತೆಗೆದು, ಕಾಗದದಲ್ಲಿ ಸುತ್ತಿ, ಚಿಲ್ಲರೆ ಕೊಟ್ಟು ಕಳಿಸಿದಳು. ಆಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಜರ್ಸಿಯ ಸುತ್ತಲೂ ಕಟ್ಟೆ ಒರೆಸಿದಳು.

"ಕೊನೇ ನಲವತ್ತು ಸೆಕೆಂಡು," ಎಂದಳು. "ಕೋಚ್ ತಿರುಗಿ ನನ್ನ ಕಡೆ ನೋಡಿದ್ರು. ನಾನು ಎದ್ದೇ ಬಿಟ್ಟಿದ್ದೆ, ಅರ್ಧ. ಅವರು ಮುಖ ತಿರುಗಿಸ್ಕೊಂಡ್ರು. ಇವಳನ್ನ ಹಾಕೋದಕ್ಕಿಂತ ನಾಲ್ಕು ಜನಾನೇ ವಾಸಿ ಅಂದ್ಕೊಂಡ್ರು. ಅದಕ್ಕೇ ಮುಂಚೇನೇ ಜರ್ಸಿ ಬಿಚ್ಚಿಸಿದ್ರು. ಆಮೇಲೆ ಪೇಪರಲ್ಲಿ ದೊಡ್ಡ ಮನಸ್ಸು ಅಂತ ಬರೆಸಿದ್ರು, ನಂಗೆ ಬೇಜಾರಾಗ್ದೇ ಇರ್ಲಿ ಅಂತ. ಹಂಗೇ ಅಂದ್ಕೊಂಡಿದ್ದೆ."

ಇದನ್ನು ವರ್ನಾ ಎಣಿಸಿರಲಿಲ್ಲ. ರೋಂಡಾಗೆ ಒಂದು ಆಟ ತಪ್ಪಿತು ಎಂಬಷ್ಟೇ ಅವಳ ಮನಸ್ಸನ್ನು ಕೊರೆಯುತ್ತಿದ್ದದ್ದು. ತಾನಾಡಿದ ಎರಡು ಸುಳ್ಳುಗಳು ಸೇರಿಕೊಂಡು ಈ ಹೆಂಗಸಿನೊಳಗೆ ಮೂರನೆಯದೊಂದನ್ನು ಬೆಳೆಸಿವೆ ಎಂದು ಹದಿನಾಲ್ಕು ವರ್ಷ ಅವಳ ಕೈಯ ಕಾಫಿ ಕುಡಿದೂ ಅವಳಿಗೆ ತಿಳಿದಿರಲಿಲ್ಲ.

"ಜರ್ಸಿ ಇಲ್ಲದೆ ಎಳ್ಕೊಂಡಿದ್ದ ಜಿಪ್ಪು ನೋಡಿ ಮುಖ ತಿರುಗಿಸಿದ್ದು ಅವರು," ಎಂದಳು ವರ್ನಾ. "ನಿನ್ನ ಕಳಿಸ್ಬೇಕು ಅಂತ್ಲೇ ತಿರುಗಿದ್ದು."

"ಯಾರು ಹೇಳಿದ್ದು?"

"ಅವರೇ. ಬಸ್ಸಲ್ಲಿ."

ರೋಂಡಾ ಬಟ್ಟೆಯನ್ನು ಹಿಂಡಿದಳು. ಒಮ್ಮೆ ಹಿಂಡಿ, ಮತ್ತೊಮ್ಮೆ ಹಿಂಡಿದಳು. "ಅವರು ಸತ್ತು ಆರು ವರ್ಷ ಆಯ್ತಲ್ಲೇ ವರ್ನಾ."

ಎಂದೂ ಏಕವಚನ ಬಳಸದವಳು. ವರ್ನಾ ತಲೆ ತಗ್ಗಿಸಿದಳು.

"ಅವರ ಮಣ್ಣಿನ ದಿನ ಮುನ್ನೂರು ಸ್ಯಾಂಡ್‌ವಿಚ್ ಮಾಡಿದ್ದೀನಿ. ಒಂದೊಂದಕ್ಕೂ ಬೆಣ್ಣೆ ಸವರ್ತಾ ಬೈದಿದ್ದೀನಿ. ನೀನು ಪಕ್ಕದಲ್ಲೇ ನಿಂತು ಹ್ಯಾಮ್ ಕತ್ತರಿಸ್ತಿದ್ದೆ."

"ಹೌದು."

"ಒಂದು ಮಾತು ಆಡ್ಲಿಲ್ಲ."

"ಇಲ್ಲ."

ಪಾಪ್‌ಕಾರ್ನ್ ಯಂತ್ರದ ಮುಚ್ಚಳ ತಳ್ಳಿಕೊಂಡು ಬಿಳಿ ಅರಳು ಉಕ್ಕಿ ಗಾಜಿಗೆ ಬಡಿಯುತ್ತಿತ್ತು. ರೋಂಡಾ ಅದನ್ನು ನಿಲ್ಲಿಸಲು ಬೆನ್ನು ತಿರುಗಿಸಿದಳು. ತಿರುಗಿದಾಗ ಅವಳ ಮುಖದಲ್ಲಿ ಅಳುವಿರಲಿಲ್ಲ, ಕೋಪವೂ ಪೂರ್ತಿ ಇರಲಿಲ್ಲ.

"ನಿಜವಾಗ್ಲೂ ಕಳಿಸ್ತಿದ್ರಾ?"

"ಕಳಿಸ್ತಿದ್ರು."

"ನಾನು ಹೋಗಿ ಚೆಂಡು ಕೈಬಿಟ್ಟಿರ್ತಿದ್ದೆ. ಸೋತಿರ್ತಿದ್ವಿ. ಯಾವ ಚಿತ್ರಾನೂ ಇರ್ತಿರ್ಲಿಲ್ಲ."

"ಇರ್ಬಹುದು."

"ಇರ್ಬಹುದು ಏನು, ಖಂಡಿತ," ಎಂದಳು ರೋಂಡಾ. ಅವಳ ತುಟಿಯ ಒಂದು ಕೊನೆ ನಗುವಿನ ಹತ್ತಿರಕ್ಕೆ ಹೋಗಿ ಹಿಂದೆ ಬಂತು. ಐವತ್ತೈದನ್ನು ಮಡಿಸಿ, ಚೀಲಕ್ಕೆ ಹಾಕಿ, ವರ್ನಾಳ ಕಡೆ ತಳ್ಳಿದಳು. "ನಾಳೆ ಏನ್ ಹೇಳ್ತೀಯ ಸಭೇಲಿ?"

"ನೀನು ಹೇಳ್ದಂಗೆ."

"ನಾನ್ಯಾಕೆ ಹೇಳ್ಲಿ? ನಿಂದು ಓಟು." ಅವಳು ಸಾಸಿವೆ ಬಾಟಲಿಗಳನ್ನು ಮೊದಲಿನ ಜಾಗಕ್ಕಿಟ್ಟಳು. "ಆ ನಂಬರು ಯಾರಿಗಾದ್ರೂ ಕೊಡು. ಬೆಂಚಲ್ಲಿ ಕೂರೋಳಿಗೇ ಕೊಡು ಬೇಕಾದ್ರೆ. ಆದ್ರೆ ಬಿಚ್ಚಿಸ್ಬೇಡ." ಆಮೇಲೆ ಲೋಟದ ಕಡೆ ಕಣ್ಣು ಹಾಯಿಸಿದಳು. "ಕಾಫಿ ಒಂದು ಡಾಲರ್."

ವರ್ನಾ ಒಂದು ಡಾಲರ್ ನೋಟನ್ನು ಕಟ್ಟೆಯ ಮೇಲಿಟ್ಟು ಹೊರಬಂದಳು.

ಗುರುವಾರದ ಸಭೆಯನ್ನು ಓರ್ವಿಲ್ ಕಣ್ಣಾರೆ ಕಂಡ. ಅಲ್ಲಿ ಟಿಪ್ಪಣಿ ಬರೆಯುವ ಕೆಲಸ ಅವನದಾಗಿತ್ತು. ಅಂತಿಮ ಪಂದ್ಯದ ಹಳೆಯ ಅಂಕಪುಸ್ತಕವನ್ನು ತರಬೇಕೆಂದು ವರ್ನಾ ಬೆಳಿಗ್ಗೆಯೇ ಹೇಳಿಕಳಿಸಿದ್ದಳು. ಸಭೆ ಶುರುವಾದಾಗ ಅವಳು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಳು, ಕಿಟಕಿಗೆ ಹೋದಳು, ಮತ್ತೆ ಬಂದು ಕುರ್ಚಿ ಹಿಡಿದಳು. ಡೆನೀಸ್ ಮೂವತ್ತೇಳರ ಲೆಕ್ಕ ಹೇಳಿದಳು. ಕರ್ಟ್ ಡಾನೆಟ್‌ಳ ದಾಖಲೆಗಳನ್ನು ಓದಿದ. ವರ್ನಾಳ ಸರದಿ ಬಂದಾಗ ಅವಳು ಓರ್ವಿಲ್‌ನ ಅಂಕಪುಸ್ತಕ ತೆರೆಸಿದಳು. ಡಾನೆಟ್ ಹೆಸರಿನ ಮುಂದೆ ಮೂವತ್ತೊಂದು ಎಂದು ಬರೆದು, ಗೀಟು ಹಾಕಿ, ಪಕ್ಕದಲ್ಲಿ ಐವತ್ತೆರಡು ಎಂದು ತಿದ್ದಿದ ಸಾಲು; ಅದರ ಕೆಳಗೆ ಪ್ರೊಹಾಸ್ಕಾ ಎಂಬ ಹೆಸರು, ಅದರ ಮುಂದಿನ ಐವತ್ತೆರಡಕ್ಕೂ ಗೀಟು, ಪಕ್ಕದಲ್ಲಿ ತಿದ್ದುವ ಜಾಗ ಖಾಲಿ.

"ಈ ಖಾಲಿ ಜಾಗ ನನ್ನ ಕೆಲಸ," ಎಂದು ಶುರುಮಾಡಿ, ಬಾಯ್ಲರಿನಿಂದ ಬಸ್ಸಿನವರೆಗೆ ಎಲ್ಲವನ್ನೂ ಹೇಳಿದಳು.

ಮೊದಲು ಚೇತರಿಸಿಕೊಂಡವನು ಕರ್ಟ್. "ಇದು ಇನ್ನೂ ಚೆನ್ನಾಗಿದೆ ವರ್ನಾ! ರೋಂಡಾನೂ ಕರೆಸೋಣ. ಡಾನೆಟ್, ರೋಂಡಾ ಇಬ್ರೂ ಸೇರಿ ಹಗ್ಗ ಎಳೀಲಿ, ನಂಬರು ಮೇಲೇರ್ಲಿ. ಜನ ಕಣ್ಣೀರು ಹಾಕ್ತಾರೆ."

"ಹಾಕ್ತಾರೆ," ಎಂದಳು ವರ್ನಾ. "ಅಷ್ಟು ಹೊತ್ತೂ ರೋಂಡಾ ಏನು ತೊಟ್ಕೊಂಡು ನಿಂತಿರ್ಬೇಕು, ಕರ್ಟ್?"

ಗಣಿತದ ಮೇಷ್ಟ್ರು "ಓಟಿಗೆ ಹಾಕಿ" ಎಂದರು. ಇಬ್ಬರು ಹೌದು, ಮೂವರು ಬೇಡ. ಓರ್ವಿಲ್ ಹಾಗೆಂದೇ ಬರೆದುಕೊಂಡ. ಡಾನೆಟ್‌ಗೆ ಆ ಸಂಜೆ ಫೋನು ಮಾಡಿದವಳೂ ವರ್ನಾಳೇ. ನಡೆದದ್ದನ್ನೆಲ್ಲ ಹೇಳಿದಳಂತೆ. ಆಮೇಲೆ ಡಾನೆಟ್, "ನನ್ನ ಮೂವತ್ತೊಂದು ಎಲ್ಲಿದೆ?" ಎಂದು ಕೇಳಿದಳಂತೆ. ಕಲೆ ಹೋಗಲೇ ಇಲ್ಲ, ಎಸೆದೆ ಎಂದಳು ವರ್ನಾ. ಅದು ನಿಜವಾಗಿತ್ತು.

ಮುಂದಿನ ವಾರ ಡೆನೀಸ್ ಹೇಳಿದ ಗಿಡ್ಡ ಹುಡುಗಿ ಸಾಮಗ್ರಿ ಕೋಣೆಗೆ ಬಂದಳು. ವರ್ನಾ ಹೊಸ ಸೆಟ್ಟಿನ ಐವತ್ತೆರಡರ ಅಂಚನ್ನು ಅವಳ ಅಳತೆಗೆ ಹಿಡಿದು, ಮಡಿಸಿ ಹೊಲಿದುಕೊಟ್ಟಳು. ಅಂದಿನಿಂದ ಆಸ್ಪತ್ರೆ ಸೇರುವವರೆಗೆ ಪ್ರತಿ ಪಂದ್ಯಕ್ಕೂ ವರ್ನಾಳ ಕೆಂಪು ಚೀಲದಲ್ಲಿ ಎರಡು ಬದಲಿ ಜರ್ಸಿಗಳಿದ್ದವು. ಪ್ರತಿ ಸಂಜೆಯೂ ಮಳಿಗೆಗೆ ಹೋಗಿ ಕಾಫಿ ಕುಡಿದಳು. ಪ್ರತಿ ಸಲವೂ ಒಂದು ಡಾಲರ್ ಕೊಟ್ಟಳು.

"ಕೊನೇವರೆಗೂ?" ಎಂದು ಯಾರೋ ಕೇಳಿದರು.

"ಕೊನೇವರೆಗೂ," ಎಂದ ಓರ್ವಿಲ್. "ಆದ್ರೆ ರೋಂಡಾ ಲೋಟ ಮಾತ್ರ ಎರಡು ಸಲ ತುಂಬೋಳು. ಅದನ್ನ ನಾನು ನೋಡಿದ್ದೀನಿ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಮುಂದಿನ ಸಾಲಿನ ಮುದುಕನೊಬ್ಬ ಕಿಟಕಿಯ ಕಡೆ ಕತ್ತು ಚಾಚಿದ. "ರೋಂಡಾ, ಇವತ್ತಿನ ಸ್ಯಾಂಡ್‌ವಿಚ್‌ಗೂ ಬೈಕೊಂಡೇ ಬೆಣ್ಣೆ ಸವರಿದ್ಯಾ?"

"ತಿಂದ್ರಲ್ಲ," ಎಂದಳು ರೋಂಡಾ ಒಳಗಿನಿಂದ. "ಹೇಗಿತ್ತು?"

ಒಬ್ಬಿಬ್ಬರು ನಕ್ಕರು. ಕುರ್ಚಿಗಳು ಒಂದೊಂದಾಗಿ ಮಡಿಸಿಕೊಂಡು ಗೋಡೆಗೆ ಒರಗಿದವು. ಟೋಪಿ, ಕೈಗವಸು ಹುಡುಕುತ್ತ, ರಸ್ತೆ ಜಾರುತ್ತದೆಂದು ಪರಸ್ಪರ ಎಚ್ಚರಿಸುತ್ತ ಜನ ಮೆಟ್ಟಿಲು ಹತ್ತಿ ಮನೆಗಳತ್ತ ಹೊರಟರು. ಎಲ್ಲರಿಗಿಂತ ಕೊನೆಗೆ ರೋಂಡಾ ದೀಪ ಆರಿಸಿ ಹೊರಬಂದಳು. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿ. ಗಾಳಿ ಹಿಮವನ್ನು ನೆಲದಿಂದ ಎಬ್ಬಿಸುತ್ತಿತ್ತು. ಖಾಲಿ ತಟ್ಟೆಗಳ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಅವಳು ತನ್ನ ಗಾಡಿಯವರೆಗೂ ನಡೆದಳು. ಮೇಲಂಗಿಯ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡಿರಲಿಲ್ಲ; ಅದು ತೆರೆದೇ ಇತ್ತು.